‘ತರ್ಟಿಟು ಒಂದ್ ಬಾಕ್ಸ್’ ಅಂದರೆ ಸಾಲದು: ಎರಡು .32 ಕಾಡತೂಸುಗಳ ವಿಮರ್ಶೆ

ಬಂದೂಕು ಅಂಗಡಿಯ ಕೌಂಟರಿನಲ್ಲಿ ನಿಂತು "ತರ್ಟಿಟು ಒಂದ್ ಬಾಕ್ಸ್ ಕೊಡಿ" ಅಂದರೆ ಒಳ್ಳೆಯ ಅಂಗಡಿಯವರು ಪೆಟ್ಟಿಗೆಗೆ ಕೈ ಹಾಕುವ ಮೊದಲು ಕೇಳುತ್ತಾರೆ: "ರಿವಾಲ್ವರ್‌ಗೋ ಪಿಸ್ತೂಲ್‌ಗೋ, ಸಾರ್?" ಅದನ್ನು ಕೇಳದೆ ಸುಮ್ಮನೆ ಪೆಟ್ಟಿಗೆ ಮುಂದಿಟ್ಟು ಬಿಲ್ ಬರೆಯಲು ಶುರುಮಾಡಿದರೆ ಅಲ್ಲಿಂದ ಎದ್ದುಬರುವುದೇ ವಾಸಿ. ಮೈಸೂರು, ಮಂಡ್ಯದ ಕಡೆ ಲೈಸೆನ್ಸ್ ಕೈಬಂದೂಕು ಇಟ್ಟುಕೊಂಡವರಿಗೆ ಈ ಒಂದು ಪ್ರಶ್ನೆ ಗುಂಡಿನ ಬೆಲೆಗಿಂತ, ಹೊಳಪಿಗಿಂತ ಮುಖ್ಯ.

ಎಲ್ಲರ ಬಾಯಲ್ಲೂ ಮೂವತ್ತೆರಡೇ ಏಕೆ ಅನ್ನುವುದಕ್ಕೆ ಕಾರಣ ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು ಅದರಡಿಯ 2016ರ ನಿಯಮಗಳು ಬೋರುಗಳನ್ನು (ನಳಿಗೆಯ ತೂತಿನ ಅಳತೆಗಳನ್ನು) ನಿಷೇಧಿತ, ನಿಷೇಧಿತವಲ್ಲದ್ದು ಎಂದು ಎರಡು ಪಾಲು ಮಾಡಿವೆ. 9 ಮಿ.ಮೀ., .38 ಇವೆಲ್ಲ ನಿಷೇಧಿತದ ಪಟ್ಟಿಯವು. ಪೊಲೀಸರ ಸೊಂಟದಲ್ಲಿ ಕಾಣುತ್ತವೆ, ಊರಿನವರ ಬೀರುವಿನಲ್ಲಿ ಅಲ್ಲ. ಸಾಮಾನ್ಯ ಲೈಸೆನ್ಸಿಗೆ ಹೆಚ್ಚಾಗಿ ಉಳಿಯುವುದು .22, .25, .32. ಮೊದಲೆರಡು ತೀರಾ ಸಣ್ಣವು ಎಂದು ಬಿಟ್ಟವರು ಮೂರನೆಯದಕ್ಕೆ ಬರುತ್ತಾರೆ. ಹೀಗಾಗಿ ಮಂಡ್ಯದ ಆಲೆಮನೆ ಗೌಡರಿಂದ ಹಿಡಿದು ಮೈಸೂರಿನ ಒಡವೆ ಅಂಗಡಿಯವರ ತನಕ ಒಂದೇ ಅಂಕಿ. ತೊಡಕೇನೆಂದರೆ ಆ ಅಂಕಿಯ ಹಿಂದೆ ಇರುವುದು ಒಂದಲ್ಲ, ಎರಡು ಕಾಡತೂಸು (ಹಿತ್ತಾಳೆ ಕೊಳವೆ, ಅದರೊಳಗಿನ ಮದ್ದು, ಬಾಯಲ್ಲಿ ಕೂತ ಗುಂಡು, ಎಲ್ಲ ಸೇರಿದ್ದು). ಕೆದಕಿದರೆ ಇನ್ನೂ ಮೂರು ನಾಲ್ಕು ಹೊರಬರುತ್ತವೆ.

ಇಲ್ಲಿ ತೂಗಿ ನೋಡುತ್ತಿರುವುದು ಆ ಎರಡನ್ನು. ಒಂದು .32 ಎಸ್ ಆಂಡ್ ಡಬ್ಲ್ಯು ಲಾಂಗ್, ಅಂದರೆ ಸ್ಮಿತ್ ಆಂಡ್ ವೆಸನ್ ಕಂಪನಿ 1896ರಲ್ಲಿ ತನ್ನ ರಿವಾಲ್ವರಿಗಾಗಿ ಹೊರತಂದದ್ದು. ಇನ್ನೊಂದು .32 ಎಸಿಪಿ (ಆಟೋಮ್ಯಾಟಿಕ್ ಕೋಲ್ಟ್ ಪಿಸ್ಟಲ್), 1899ರಲ್ಲಿ ಜಾನ್ ಬ್ರೌನಿಂಗ್ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯ ಪಿಸ್ತೂಲಿಗಾಗಿ ರೂಪಿಸಿದ್ದು. ಇದೇ ಯುರೋಪಿನಲ್ಲಿ 7.65 ಬ್ರೌನಿಂಗ್. ನಮ್ಮಲ್ಲಿ ಸಿಗುವ ಸ್ವದೇಶಿ ಮಾಲಿನ ತಳದಲ್ಲಿ ‘ಕೆಎಫ್’ ಎಂದಿರುತ್ತದೆ. ಪುಣೆ ಪಕ್ಕದ ಖಡ್ಕಿ ಕಾರ್ಖಾನೆಯ ಹಳೆಯ ಗುರುತು ಅದು. ಆರ್ಡ್‌ನನ್ಸ್ ಕಾರ್ಖಾನೆಗಳ ಮಂಡಳಿಯನ್ನು 2021ರ ಅಕ್ಟೋಬರ್ 1ರಂದು ಏಳು ಕಂಪನಿಗಳಾಗಿ ಒಡೆದ ಮೇಲೆ ಖಡ್ಕಿ ಈಗ ಮುನಿಷನ್ಸ್ ಇಂಡಿಯಾದ ಕೆಳಗೆ ಬರುತ್ತದೆ. ಪೆಟ್ಟಿಗೆಯ ಮೇಲೆ ಹೊಸ ಹೆಸರು ಕಂಡರೆ ನಕಲಿ ಎಂದು ಗಾಬರಿಯಾಗುವುದು ಬೇಡ.

ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಮಕ್ಕಳೂ ವ್ಯತ್ಯಾಸ ಹೇಳುತ್ತಾರೆ. ಒಂದೊಂದೇ ಕೈಗೆ ಬಂದಾಗ ಮಾತ್ರ ದೊಡ್ಡವರೂ ಎಡವುತ್ತಾರೆ, ಏಕೆಂದರೆ ಗುಂಡಿನ ದಪ್ಪ ಎರಡರಲ್ಲೂ ಸುಮಾರು 7.9 ಮಿ.ಮೀ., ಹಿತ್ತಾಳೆ ಕೊಳವೆಯ ದಪ್ಪವೂ ಎರಡರಲ್ಲೂ 8.5 ಮಿ.ಮೀ. ಆಸುಪಾಸು. ಬೇರೆಯಾಗುವುದು ಉದ್ದ ಮತ್ತು ತಳದ ಅಂಚು. ರಿವಾಲ್ವರಿನದು ಒಟ್ಟು 32 ಮಿ.ಮೀ. ಉದ್ದ, ಅದರಲ್ಲಿ ಹಿತ್ತಾಳೆ 23.4. ಪಿಸ್ತೂಲಿನದು ಒಟ್ಟು 25, ಹಿತ್ತಾಳೆ 17.3. ರಿವಾಲ್ವರಿನದರ ತಳದಲ್ಲಿ ತಟ್ಟೆಯ ಕಂಠದ ಹಾಗೆ ಹೊರಚಾಚಿದ ಅಂಚು ಇರುತ್ತದೆ, ಅಡ್ಡಳತೆ 9.5 ಮಿ.ಮೀ. ಪಿಸ್ತೂಲಿನದರ ಅಂಚು 9.1 ಮಾತ್ರ, ಅದರ ಮೇಲ್ಗಡೆ ಕೊಕ್ಕೆ ಹಿಡಿಯಲು ಸುತ್ತಲೂ ಒಂದು ತೋಡು ಕೊರೆದಿರುತ್ತಾರೆ. ಉಗುರಿನ ತುದಿಯನ್ನು ತಳದಿಂದ ಮೇಲಕ್ಕೆ ಎಳೆದು ನೋಡಿ: ಪಿಸ್ತೂಲಿನದರಲ್ಲಿ ಉಗುರು ತೋಡಿಗೆ ಬಿದ್ದು ನಿಲ್ಲುತ್ತದೆ, ರಿವಾಲ್ವರಿನದರಲ್ಲಿ ಅಂಚು ದಾಟಿದರೆ ಮುಂದೆ ನುಣ್ಣಗೆ ಜಾರುತ್ತದೆ.

ವರ್ನಿಯರ್ ಇಲ್ಲದವರ ಜೇಬಿನಲ್ಲೇ ಒಂದು ಅಳತೆಗೋಲು ಇದೆ. ಹತ್ತು ರೂಪಾಯಿ ನಾಣ್ಯದ ಅಡ್ಡಳತೆ 27 ಮಿ.ಮೀ. ನಾಣ್ಯವನ್ನು ಮೇಜಿನ ಮೇಲಿಟ್ಟು ಅದರ ನಟ್ಟನಡುವೆ ಕಾಡತೂಸನ್ನು ಮಲಗಿಸಿ, ತಳವನ್ನು ನಾಣ್ಯದ ಒಂದು ಅಂಚಿಗೆ ಸರಿಯಾಗಿ ಕೂರಿಸಿ. ಪಿಸ್ತೂಲಿನ ಕಾಡತೂಸು ನಾಣ್ಯದ ಒಳಗೇ ಮುಗಿದು ಎರಡು ಮಿ.ಮೀ. ಜಾಗ ಉಳಿಯುತ್ತದೆ. ರಿವಾಲ್ವರಿನದು ಐದು ಮಿ.ಮೀ. ಆಚೆ ಮೂಗು ಚಾಚುತ್ತದೆ. ಹೆಸರು ಮಾಸಿದ ಹಳೆಯ ಸರಕನ್ನು ಬೇರ್ಪಡಿಸಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಒಂದೆರಡು ಕಡೆ ಮಾತ್ರ ಇದು ಮೋಸ ಮಾಡುತ್ತದೆ, ಅದನ್ನು ಮುಂದೆ ಹೇಳುತ್ತೇವೆ.

ಕಣ್ಣಿಗೆ ಕಾಣುವ ಇನ್ನೊಂದು ಗುರುತು ಗುಂಡಿನ ಮೈ. ರಿವಾಲ್ವರಿನದು ಸಾಮಾನ್ಯವಾಗಿ ಬರಿಯ ಸೀಸದ ಗುಂಡು, ಬೂದು ಬಣ್ಣ, ದುಂಡು ಮೂಗು, ತೂಕ 98 ಗ್ರೇನ್, ಅಂದರೆ 6.35 ಗ್ರಾಂ. ಪಿಸ್ತೂಲಿನದಕ್ಕೆ ತಾಮ್ರದ ಬಣ್ಣದ ಲೋಹದ ಕವಚ, ತೂಕ 71 ಗ್ರೇನ್, 4.6 ಗ್ರಾಂ. ಕವಚ ಅಂದಕ್ಕೆ ಹಾಕಿದ್ದಲ್ಲ. ಮ್ಯಾಗಜಿನ್ ಎಂಬ ಡಬ್ಬಿಯಿಂದ ನಳಿಗೆಯ ಹಿಂದಿನ ಗೂಡಾದ ಚೇಂಬರಿಗೆ ಗುಂಡು ಇಳಿಜಾರಿನ ಮೇಲೆ ಉಜ್ಜಿಕೊಂಡೇ ಹೋಗಬೇಕು, ಮೆತ್ತನೆ ಸೀಸವಾದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಆದರೂ ಬಣ್ಣ ಒಂದನ್ನೇ ನೆಚ್ಚಿ ಕೂರಬೇಡಿ. ವಿದೇಶದ ಮಾಲಿನಲ್ಲಿ ಎರಡೂ ಬಗೆಗೂ ಎರಡೂ ತರದ ಗುಂಡು ಸಿಗುತ್ತದೆ.

ಹೊಡೆತದ ಬಲದಲ್ಲಿ ಎರಡೂ ದೊಡ್ಡ ಪೈಲ್ವಾನರೇನಲ್ಲ. ರಿವಾಲ್ವರಿನ ಭಾರದ ಗುಂಡು ಸೆಕೆಂಡಿಗೆ 215 ಮೀಟರ್ ಆಸುಪಾಸಿನಲ್ಲಿ, ಪಿಸ್ತೂಲಿನ ಹಗುರ ಗುಂಡು 275ರ ಆಸುಪಾಸಿನಲ್ಲಿ ಹೋಗುತ್ತದೆ. ಲೆಕ್ಕ ಹಾಕಿದರೆ ಒಂದಕ್ಕೆ 147 ಜೂಲ್, ಇನ್ನೊಂದಕ್ಕೆ 174. ಅಂಗಡಿಯಲ್ಲಿ ಈ ಅಂಕಿ ಹಿಡಿದು ಯಾವುದು ಮೇಲು ಎಂದು ಜಗಳ ಆಡುವವರಿದ್ದಾರೆ, ಆಡಿಕೊಳ್ಳಲಿ. ಕೊಳ್ಳುವವರಿಗೆ ಅಲ್ಲಿ ಆಯ್ಕೆಯೇ ಇಲ್ಲ. ಕೈಲಿರುವ ಬಂದೂಕು ಯಾವುದನ್ನು ಕೇಳುತ್ತದೋ ಅದನ್ನೇ ಹಾಕಬೇಕು.

ಗಮನ ಕೊಡಬೇಕಾದ ಅಂಕಿ ಒತ್ತಡದ್ದು. ಅಮೆರಿಕದ ತಯಾರಕರ ಸಂಘದ ಮಾನದಂಡದಲ್ಲಿ ಎಸ್ ಆಂಡ್ ಡಬ್ಲ್ಯು ಲಾಂಗ್‌ಗೆ ಗರಿಷ್ಠ ಒತ್ತಡ 15,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಎಸಿಪಿಗೆ 20,500. ಕಾರಿನ ಚಕ್ರಕ್ಕೆ ಪೆಟ್ರೋಲ್ ಬಂಕಿನಲ್ಲಿ ತುಂಬಿಸುವುದು ಮೂವತ್ತರ ಸುಮಾರು, ಅದರ ಪಕ್ಕ ಇಟ್ಟು ನೋಡಿ. ಗಿಡ್ಡಗಿರುವ ಕಾಡತೂಸೇ ಮೂರನೇ ಒಂದು ಪಾಲಿಗಿಂತ ಹೆಚ್ಚು ಜೋರಿನದು. ಎಡವಟ್ಟಿನ ಬೇರು ಇಲ್ಲೇ ಇದೆ. ‘ಚಿಕ್ಕದು ತಾನೆ, ದೊಡ್ಡದರಲ್ಲಿ ಹಾಕಿದರೆ ಏನಾಗುತ್ತೆ’ ಅನ್ನುವ ಲೆಕ್ಕ ಪಾತ್ರೆ ಪಗಡಕ್ಕೆ ಸರಿ, ಇಲ್ಲಿಗಲ್ಲ.

ಏನಾಗುತ್ತದೆ ಎಂದು ಹಂತ ಹಂತವಾಗಿ ನೋಡೋಣ. ಪಿಸ್ತೂಲಿನ ಕಾಡತೂಸು ರಿವಾಲ್ವರಿನ ಸಿಲಿಂಡರ್ ತೂತಿಗೆ ಇಳಿಯುತ್ತದೆ. ಅರೆ ಅಂಚು ಇರುವುದರಿಂದ ಪೂರ್ತಿ ಒಳಗೆ ಬೀಳದೆ ತೂತಿನ ಬಾಯಿಗೆ ನೆಪಕ್ಕೆ ಆತು ನಿಲ್ಲುತ್ತದೆ. ಸಿಲಿಂಡರ್ ಮುಚ್ಚುತ್ತದೆ, ತಿರುಗುತ್ತದೆ, ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಆದರೆ ಅದರ ಅಂಚು ರಿವಾಲ್ವರಿನ ಕಾಡತೂಸಿನ ಅಂಚಿಗಿಂತ ಕಾಲು ಮಿಲಿಮೀಟರಿನಷ್ಟು ತೆಳು, ಹಾಗಾಗಿ ಹಿಂದುಗಡೆ ಸಂದು ಬಿದ್ದಿರುತ್ತದೆ. ಸುತ್ತಿಗೆ ಬಿದ್ದಾಗ ಪಿನ್ನು ಪ್ರೈಮರನ್ನು (ತಳದ ನಡುವಿನ ಕಿಡಿಮದ್ದಿನ ಬಿಲ್ಲೆಯನ್ನು) ಜಜ್ಜುವ ಬದಲು ಇಡೀ ಕಾಡತೂಸನ್ನು ಮುಂದಕ್ಕೆ ತಳ್ಳಬಹುದು. ಟಿಕ್ ಎನ್ನುವ ಸದ್ದು, ಅಷ್ಟೇ. ಇದು ಒಳ್ಳೆಯ ಪಕ್ಷದ ಫಲ.

ಹಾರಿದರೆ? ಒತ್ತಡಕ್ಕೆ ಹಿತ್ತಾಳೆ ಹಿಂದಕ್ಕೆ ಒದ್ದು ಆ ಸಂದಿಯಲ್ಲಿ ತಳ ಉಬ್ಬುತ್ತದೆ. ಉಬ್ಬಿದ ತಳ ಹಿಂದಿನ ಗೋಡೆಗೆ ಒತ್ತಿಕೊಂಡರೆ ಸಿಲಿಂಡರ್ ತಿರುಗಲು ಮೊಂಡು ಹಿಡಿಯುತ್ತದೆ. ಮುಂದುಗಡೆ ಇನ್ನೊಂದು ರಗಳೆ: ಹಿತ್ತಾಳೆ ಆರು ಮಿ.ಮೀ. ಗಿಡ್ಡ ಇರುವುದರಿಂದ ಗುಂಡು ಯಾವ ಆಧಾರವೂ ಇಲ್ಲದೆ ಅಷ್ಟು ದೂರ ಹಾರಿ ತೂತಿನ ಕಿರಿದಾದ ಭಾಗಕ್ಕೆ ಹೋಗಿ ಹೊಡೆಯಬೇಕು. ಬಿಸಿ ಅನಿಲ ಸುತ್ತಲಿಂದ ನುಗ್ಗುತ್ತದೆ, ಅಲ್ಲಿ ಮಸಿ ಕಟ್ಟುತ್ತದೆ, ಹತ್ತಾರು ಸಲ ಹೀಗಾದರೆ ಆಮೇಲೆ ಸರಿಯಾದ ಉದ್ದದ ಕಾಡತೂಸೂ ಪೂರ್ತಿ ಇಳಿಯುವುದಿಲ್ಲ. ಹೊಸ ಉಕ್ಕಿನ ರಿವಾಲ್ವರ್ ಹೇಗೋ ತಡೆದುಕೊಂಡೀತು. ತಾತನ ಕಾಲದ, ನಡು ಮುರಿದು ತೆರೆಯುವ, ಕೊಂಡಿ ಸವೆದು ಅಲುಗಾಡುವ ರಿವಾಲ್ವರಿಗೆ ಈ ಒತ್ತಡ ನಿಜಕ್ಕೂ ಅಪಾಯ. ಬಿರುಕು ಮೊದಲು ಬರುವುದು ಸಿಲಿಂಡರಿನಲ್ಲಿ, ಹಿಡಿದ ಕೈಯ ಒಂದೆರಡು ಇಂಚು ಮುಂದೆ.

ಖಾಲಿ ಕೇಸು (ಹಾರಿದ ಮೇಲೆ ಉಳಿದ ಹಿತ್ತಾಳೆ ಕೊಳವೆ) ತೆಗೆಯುವಾಗಲೂ ಕಾಟ ತಪ್ಪುವುದಿಲ್ಲ. ನಮ್ಮ ಆರ್ಡ್‌ನನ್ಸ್ ಕಾರ್ಖಾನೆಯ .32 ರಿವಾಲ್ವರು, 2014ರಲ್ಲಿ ಬಂದ ಅರ್ಧ ಕಿಲೋ ತೂಕದ ಟೈಟಾನಿಯಂ ನಿರ್ಭೀಕ್, ಇವೆಲ್ಲ ಬ್ರಿಟನ್ನಿನ ವೆಬ್ಲಿ ಮಾದರಿಯವು. ನಡು ಮುರಿದರೆ ನಕ್ಷತ್ರದಾಕಾರದ ಎತ್ತುಗ ಮೇಲೆದ್ದು ಆರೂ ಕೇಸುಗಳನ್ನು ಅಂಚು ಹಿಡಿದು ಎತ್ತುತ್ತದೆ. ಎಸಿಪಿಯ ಸಣ್ಣ ಅಂಚು ಈ ನಕ್ಷತ್ರಕ್ಕೆ ಸರಿಯಾಗಿ ಸಿಗದೆ ಅದರ ಕೆಳಕ್ಕೆ ಜಾರಬಹುದು. ಜಾರಿತೋ, ನಕ್ಷತ್ರ ಮೇಲೆ, ಕೇಸು ಕೆಳಗೆ. ಮುಚ್ಚಲೂ ಆಗದು, ತೆಗೆಯಲೂ ಆಗದು. ಪೆನ್ಸಿಲ್ಲಿನಂಥ ಮರದ ಕಡ್ಡಿಯಿಂದ ಮುಂದುಗಡೆಯಿಂದ ಮೆಲ್ಲಗೆ ತಳ್ಳಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟಿ ನಕ್ಷತ್ರದ ಹಲ್ಲು ಬಗ್ಗಿಸಿಕೊಂಡು ಆಮೇಲೆ ರಿಪೇರಿಗೆ ಬರುವವರು ಕಡಿಮೆಯಿಲ್ಲ. 2023ರಲ್ಲಿ ಬಂದ ಪ್ರಬಲ್ ರಿವಾಲ್ವರಿನ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ, ನಡು ಮುರಿಯುವುದಿಲ್ಲ. ಆದರೂ ಅಂಚಿನ ಲೆಕ್ಕ ಅದೇ.

ತಿರುಗುಮುರುಗಾಗಿ ರಿವಾಲ್ವರಿನ ಕಾಡತೂಸು ಪಿಸ್ತೂಲಿಗೆ? ಹೋಗುವುದೇ ಇಲ್ಲ. 25 ಮಿ.ಮೀ. ಉದ್ದಕ್ಕೆ ಮಾಡಿದ ಮ್ಯಾಗಜಿನ್ನಿಗೆ 32 ಮಿ.ಮೀ. ತೂರದು. ಈ ತಪ್ಪು ತನ್ನನ್ನು ತಾನೇ ಹಿಡಿದುಕೊಡುತ್ತದೆ, ಅದಕ್ಕೇ ಇದು ಅಷ್ಟು ಕೆಟ್ಟದ್ದಲ್ಲ. ಕೆಟ್ಟದ್ದು ಒಳಗೆ ಹೋಗುವ ತಪ್ಪು. ತೂರಿತು ಅಂದಮಾತ್ರಕ್ಕೆ ಹೊಂದಿತು ಅಂತಲ್ಲ.

ಹಾಗಾದರೆ ಕೈಲಿರುವುದು ಯಾವುದನ್ನು ಕೇಳುತ್ತದೆ ಎಂದು ತಿಳಿಯುವುದು ಹೇಗೆ? ಲೈಸೆನ್ಸ್ ಪುಸ್ತಕ ನೋಡಿದರೆ ಸಾಲದು. ಅಲ್ಲಿ ಹಲವು ಸಲ ‘.32 ಬೋರ್’ ಎಂದಷ್ಟೇ ಬರೆದಿರುತ್ತದೆ. ಬಂದೂಕಿನ ಮೈಮೇಲೆ ಕೊರೆದದ್ದೇ ಪ್ರಮಾಣ. ನೋಡುವ ಮೊದಲು ಖಾಲಿ ಮಾಡಿ. ರಿವಾಲ್ವರಾದರೆ ತೆರೆದು ಆರೂ ತೂತು ಎಣಿಸಿ. ಪಿಸ್ತೂಲಾದರೆ ಮೊದಲು ಮ್ಯಾಗಜಿನ್ ಕಳಚಿ, ಆಮೇಲೆ ಸ್ಲೈಡ್ (ಮೇಲಿನ ಜಾರುವ ಭಾಗ) ಎಳೆದು ಚೇಂಬರಿಗೆ ಕಣ್ಣು ಹಾಕಿ, ಕಿರುಬೆರಳೂ ಆಡಿಸಿ. ಈ ಅನುಕ್ರಮ ಉಲ್ಟಾ ಆದರೆ, ಒಂದು ಗುಂಡು ಹೊರಬಂದ ಬೆನ್ನಿಗೆ ಮ್ಯಾಗಜಿನ್‌ನಿಂದ ಇನ್ನೊಂದು ಚೇಂಬರಿಗೆ ಏರುತ್ತದೆ, ಖಾಲಿ ಎಂದುಕೊಂಡದ್ದು ತುಂಬಿರುತ್ತದೆ.

ಖಾಲಿಯಾದ ಮೇಲೆ ನಳಿಗೆಯ ಪಕ್ಕ, ಸ್ಲೈಡಿನ ಮೈ, ಕೇಸು ಹೊರಬೀಳುವ ಕಿಂಡಿಯಲ್ಲಿ ಕಾಣುವ ಚೇಂಬರಿನ ಹೆಗಲು, ಈ ಮೂರೂ ಕಡೆ ಟಾರ್ಚ್ ಬಿಟ್ಟು ನೋಡಿ. ಅಕ್ಷರ ಮಸುಕಾಗಿದ್ದರೆ ಸೀಮೆಸುಣ್ಣ ಉಜ್ಜಿ ಬಟ್ಟೆಯಿಂದ ಒರೆಸಿ. ಕೊರೆದ ಗೆರೆಯಲ್ಲಿ ಬಿಳುಪು ಉಳಿದು ಅಕ್ಷರ ಎದ್ದು ಬರುತ್ತದೆ. ‘.32 ಎಸ್ ಆಂಡ್ ಡಬ್ಲ್ಯು ಲಾಂಗ್’, ‘.32 ಲಾಂಗ್ ಸಿಟಿಜಿ’ (ಸಿಟಿಜಿ ಅಂದರೆ ಕಾರ್ಟ್ರಿಜ್, ಕಾಡತೂಸು) ಎಂದಿದ್ದರೆ ರಿವಾಲ್ವರಿನ ಪೆಟ್ಟಿಗೆ. ಹಳೆಯ ಕೋಲ್ಟ್ ರಿವಾಲ್ವರುಗಳ ಮೇಲೆ ‘.32 ಪೊಲೀಸ್’ ಎಂದಿದ್ದರೂ ಅದೇ. ಎದುರಾಳಿ ಕಂಪನಿಯ ಹೆಸರನ್ನು ತಮ್ಮ ಬಂದೂಕಿನ ಮೇಲೆ ಕೊರೆಯಲು ಕೋಲ್ಟ್‌ನವರಿಗೆ ಮನಸ್ಸು ಬರಲಿಲ್ಲ. ‘.32 ಲಾಂಗ್ ಕೋಲ್ಟ್’ ಎಂದಿದ್ದರೆ ಮಾತ್ರ ಅದು ಬೇರೆಯದೇ ಕಾಡತೂಸು, ಅದಲು ಬದಲು ಸಲ್ಲದು.

ಪಿಸ್ತೂಲುಗಳಲ್ಲಿ ಹೆಸರಿನ ಗೊಂದಲ ಇನ್ನೂ ಜಾಸ್ತಿ. ಈ ಭಾಗದ ಹಳೆಯ ಮನೆಗಳಲ್ಲಿ ತಲೆಮಾರಿನಿಂದ ಬಂದ ವೆಬ್ಲಿ ಆಂಡ್ ಸ್ಕಾಟ್, ವಾಲ್ಥರ್ ಪಿಪಿ, ಬ್ರೌನಿಂಗ್, ಕೋಲ್ಟ್ ಇಂಥವು ಕಾಣಸಿಗುತ್ತವೆ. ಯುರೋಪಿನವುಗಳ ಮೇಲೆ 7.65 ಎಂದಿರುತ್ತದೆ. ಲೈಸೆನ್ಸಿನಲ್ಲಿ .32, ಬಂದೂಕಿನ ಮೇಲೆ 7.65, ಕಾಡತೂಸಿನ ತಳದಲ್ಲೂ ‘ಕೆಎಫ್ 7.65’. ಇದು ಕಂಡು ಹೌಹಾರಬೇಕಿಲ್ಲ, ಮೂರೂ ಒಂದೇ. 1903ರ ಮಾದರಿಯ ಕೋಲ್ಟ್ ಪಿಸ್ತೂಲಿನ ಮೇಲಂತೂ ‘ಕ್ಯಾಲಿಬರ್ 32 ರಿಮ್‌ಲೆಸ್ ಸ್ಮೋಕ್‌ಲೆಸ್’ ಎಂದು ಕೊರೆದಿದೆ. ಅರೆ ಅಂಚಿರುವ ಕಾಡತೂಸನ್ನು ಅಂಚಿಲ್ಲದ್ದು ಎಂದು ಕರೆದಿದ್ದಾರೆ. ಅದಕ್ಕೂ ಬೇಕಾದದ್ದು ಇದೇ ಎಸಿಪಿ. ಎಚ್ಚರ ಬೇಕಾದದ್ದು 7.65ರ ಬಾಲಕ್ಕೆ. ‘7.65 ಪ್ಯಾರಾಬೆಲಮ್’ ಅನ್ನುವುದು ಲೂಗರ್ ಪಿಸ್ತೂಲಿನದು, ಕತ್ತು ಕಿರಿದಾದ ಬಾಟಲಿಯಂಥ ಕೇಸು. ಬ್ರೌನಿಂಗಿಗೂ ಅದಕ್ಕೂ ಸಂಬಂಧವಿಲ್ಲ. ಅಂಕಿ ಓದಿ ನಿಲ್ಲಿಸಬಾರದು, ಅಂಕಿಯ ಮುಂದಿನ ಹೆಸರನ್ನೂ ಓದಬೇಕು. ಅಂದಹಾಗೆ 0.32 ಇಂಚು ಎಂದರೆ 8.1 ಮಿ.ಮೀ. ಗುಂಡು ನಿಜವಾಗಿ 7.9, ಹೆಸರಿನಲ್ಲಿ 7.65. ಕ್ಯಾಲಿಬರಿನ ಅಂಕಿ ಅಳತೆಯಲ್ಲ, ಇಟ್ಟ ಹೆಸರು. ಊರಿಗೆ ಮಂಡ್ಯ ಅಂದಂತೆ.

ಇನ್ನು ತಾತನ ಕಾಲದ ನಡು ಮುರಿಯುವ ಸಣ್ಣ ರಿವಾಲ್ವರುಗಳಲ್ಲಿ ಬರಿಯ ‘.32 ಎಸ್ ಆಂಡ್ ಡಬ್ಲ್ಯು’ ಎಂದಿರಬಹುದು, ‘ಲಾಂಗ್’ ಇಲ್ಲದೆ. ಇದು 1878ರ ಗಿಡ್ಡ ಕಾಡತೂಸು, ಹತ್ತು ರೂಪಾಯಿ ನಾಣ್ಯದ ಒಳಗೇ ಮುಗಿಯುತ್ತದೆ. ಗಿಡ್ಡದ್ದು ಲಾಂಗ್ ರಿವಾಲ್ವರಿನಲ್ಲಿ ನಡೆಯುತ್ತದೆ, ಲಾಂಗ್ ಗಿಡ್ಡದರಲ್ಲಿ ನಡೆಯುವುದಿಲ್ಲ. ‘.32 ಎಚ್ ಆಂಡ್ ಆರ್ ಮ್ಯಾಗ್ನಮ್’, ‘.327 ಫೆಡರಲ್ ಮ್ಯಾಗ್ನಮ್’ ಎಂಬ ಉದ್ದನೆಯವೂ ಇದೇ ವಂಶದವು. ಕೊನೆಯದರ ಒತ್ತಡ 45,000 ಪಿಎಸ್‌ಐ. ಕೇಸು ಉದ್ದವಿರುವುದರಿಂದ ಅವು ನಮ್ಮ ಸಾಮಾನ್ಯ ರಿವಾಲ್ವರಿಗೆ ಹಿಡಿಸುವುದಿಲ್ಲ, ಹಿಡಿಸಬಾರದೆಂದೇ ಉದ್ದ ಮಾಡಿದ್ದು. ಹಿಡಿಸುತ್ತಿಲ್ಲವೆಂದು ಸಿಲಿಂಡರ್ ತೂತು ಕೊರೆಸಲು ಲೇತ್ ಅಂಗಡಿ ಹುಡುಕುವುದು ಕಾನೂನಿಗೂ ತಪ್ಪು, ಪ್ರಾಣಕ್ಕೂ ಕೇಡು.

ಹತ್ತು ರೂಪಾಯಿ ನಾಣ್ಯ ಮೋಸ ಮಾಡುವ ಇನ್ನೊಂದು ಜಾಗ ಯಾವುದೆಂದರೆ ಶೂಟಿಂಗ್ ಕ್ರೀಡೆಯವರ ಸರಕು. 25 ಮೀಟರ್ ಸೆಂಟರ್‌ಫೈರ್ ಸ್ಪರ್ಧೆಗೆ ಪಾರ್ದಿನಿ, ವಾಲ್ಥರ್ ಜಿಎಸ್‌ಪಿಯಂಥ ಪಿಸ್ತೂಲುಗಳನ್ನು ಬಳಸುತ್ತಾರೆ. ಇವು ಪಿಸ್ತೂಲಾದರೂ ಉಣ್ಣುವುದು .32 ಎಸ್ ಆಂಡ್ ಡಬ್ಲ್ಯು ಲಾಂಗ್, ಅದೂ ‘ವ್ಯಾಡ್‌ಕಟರ್’ ಎಂಬ ಬಗೆಯದು. ಕಾಗದದ ಗುರಿಯಲ್ಲಿ ದುಂಡಗೆ ತೂತು ಕತ್ತರಿಸಲೆಂದು ಗುಂಡಿನ ಮೂಗನ್ನೇ ಚಪ್ಪಟೆ ಮಾಡಿ ಹಿತ್ತಾಳೆಯ ಬಾಯಿಗೆ ಸಮನಾಗಿ ಕೂರಿಸಿರುತ್ತಾರೆ. ಮೂಗಿಲ್ಲದ್ದರಿಂದ ಒಟ್ಟು ಉದ್ದ ನಾಣ್ಯದೊಳಗೇ ನಿಲ್ಲುತ್ತದೆ. ಮೂಗು ಚಪ್ಪಟೆಯಿದ್ದರೆ ನಾಣ್ಯ ಪಕ್ಕಕ್ಕಿಟ್ಟು ಉಗುರಿನ ಪರೀಕ್ಷೆ ಮಾಡಿ. ‘ರಿವಾಲ್ವರಿಗೆ ಲಾಂಗ್, ಪಿಸ್ತೂಲಿಗೆ ಎಸಿಪಿ’ ಅನ್ನುವ ಸೂತ್ರ ಮನೆಯಲ್ಲಿ ಇಟ್ಟುಕೊಳ್ಳುವ ಬಂದೂಕಿಗೆ ಸರಿ, ರೇಂಜಿನ ಬಂದೂಕಿಗೆ ಅಲ್ಲ.

ಕೊಳ್ಳುವ ಕ್ರಮ ಸರಳ. ಮೂಲ ಲೈಸೆನ್ಸ್ ತೆಗೆದುಕೊಂಡು ಹೋಗಬೇಕು, ಫೋನಿನಲ್ಲಿನ ಫೋಟೋ ನಡೆಯದು. ಮೈಸೂರು ನಗರದವರಿಗೆ ಲೈಸೆನ್ಸ್ ಪೊಲೀಸ್ ಕಮಿಷನರ್ ಕಚೇರಿಯದು, ಮಂಡ್ಯದವರಿಗೆ ಜಿಲ್ಲಾಧಿಕಾರಿ ಕಚೇರಿಯದು. ಒಂದು ಸಲಕ್ಕೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಅನ್ನುವುದು ಅದರಲ್ಲೇ ನಮೂದಾಗಿರುತ್ತದೆ. ಅಂಗಡಿಯವರು ತಮ್ಮ ರಿಜಿಸ್ಟರಿನಲ್ಲೂ ನಿಮ್ಮ ಲೈಸೆನ್ಸಿನಲ್ಲೂ ಬರೆಯಬೇಕು. ಇಲ್ಲಿ ಸಂಕೋಚವಿಲ್ಲದೆ ಒಂದು ಮಾತು ಹೇಳಿ: "ಬಿಲ್ಲಲ್ಲಿ ಬರೀ ಪಾಯಿಂಟ್ ತರ್ಟಿಟು ಅಂತ ಬೇಡ ಸಾರ್, ಪೂರ್ತಿ ಹೆಸರು ಹಾಕಿ." ಪೂರ್ತಿ ಹೆಸರು ಬರೆಯಬೇಕಾದಾಗ ಬರೆಯುವವರೂ ಪೆಟ್ಟಿಗೆಯನ್ನು ಇನ್ನೊಂದು ಸಲ ನೋಡುತ್ತಾರೆ.

ಪೆಟ್ಟಿಗೆಯನ್ನು ಅಲ್ಲೇ ಬಿಚ್ಚಿ. ಮೇಲಿನ ಚೀಟಿ ಒಂದು ಹೇಳಿ ಒಳಗಿನ ಕಾಡತೂಸಿನ ತಳ ಇನ್ನೊಂದು ಹೇಳಿದರೆ ನಂಬಬೇಕಾದದ್ದು ತಳವನ್ನು. ಒಂದೊಂದರ ತಳದ ಅಕ್ಷರ ಓದಿ, ಆಮೇಲೆ ತಳ ಕೆಳಗಾಗಿ ಸಾಲು ನಿಲ್ಲಿಸಿ. ಬೇರೆ ತಳಿಯದು ಒಂದು ಬೆರೆತಿದ್ದರೆ ಆ ಸಾಲಿನಲ್ಲೇ ಎತ್ತರದಲ್ಲಿ ಏರುಪೇರು ಕಾಣುತ್ತದೆ. ಪ್ರೈಮರ್ ತಳಕ್ಕಿಂತ ಕೂದಲೆಳೆ ಒಳಗಿರಬೇಕು. ಬೆರಳಾಡಿಸಿದಾಗ ಉಬ್ಬು ಸಿಕ್ಕರೆ ಅದನ್ನು ಬದಿಗಿಡಿ, ಸಿಲಿಂಡರ್ ತಿರುಗುವಾಗ ಅದು ಉಜ್ಜುತ್ತದೆ. ಗುಂಡನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ, ತಿರುಗಬಾರದು. ಹಿತ್ತಾಳೆಯ ಬಾಯಲ್ಲಿ ಸೀಳು, ನೆಗ್ಗು, ಹಸಿರು ಕಿಲುಬು ಇದ್ದದ್ದು ಬೇಡವೇ ಬೇಡ.

ಗುಣಮಟ್ಟದ ತೀರ್ಪು ಹೇಳುವುದಾದರೆ, ರಿವಾಲ್ವರಿನ ಸೀಸದ ಗುಂಡು ಹತ್ತು ಹದಿನೈದು ಮೀಟರಿಗೆ ಒಪ್ಪುವಂಥದ್ದು, ಒದೆತ ಕಡಿಮೆ, ಹೊಸಬರ ಕೈ ನಡುಗುವುದಿಲ್ಲ. ಬದಲಿಗೆ ಅದು ನಳಿಗೆಯಲ್ಲಿ ಸೀಸ ಬಳಿಯುತ್ತದೆ. ಅಭ್ಯಾಸ ಮುಗಿದ ದಿನವೇ ಹಿತ್ತಾಳೆ ಬ್ರಶ್ ಹಾಕಿ ಉಜ್ಜಿದರೆ ಹೋಗುತ್ತದೆ, ತಿಂಗಳು ಬಿಟ್ಟರೆ ಅಂಟಿಕೊಳ್ಳುತ್ತದೆ. ಪಿಸ್ತೂಲಿನದು ಚೊಕ್ಕಟ. ಆದರೆ ಅದರ ಅರೆ ಅಂಚು ಮ್ಯಾಗಜಿನ್ ತುಂಬುವಾಗ ಒಂದು ಜಾಣತನ ಕೇಳುತ್ತದೆ: ಮೇಲಿನ ಕಾಡತೂಸಿನ ಅಂಚು ಕೆಳಗಿನದರ ಅಂಚಿನ ಮುಂದೆ ಕೂರಬೇಕು. ಹಿಂದೆ ಸಿಕ್ಕಿಕೊಂಡರೆ ಸ್ಲೈಡ್ ಅದನ್ನು ಮುಂದೆ ತಳ್ಳಲಾರದು, ಪಿಸ್ತೂಲು ಅಲ್ಲಿಗೇ ಕಚ್ಚಿ ನಿಲ್ಲುತ್ತದೆ. ಉದ್ದದಲ್ಲಿ ಗಿಡ್ಡವಾದ ಟೊಳ್ಳು ಮೂಗಿನ ವಿದೇಶಿ ಗುಂಡುಗಳಲ್ಲಿ ಈ ಕಾಟ ಹೆಚ್ಚು, ಮ್ಯಾಗಜಿನ್ ಒಳಗೆ ಹಿಂದೆ ಮುಂದೆ ಓಡಾಡಲು ಜಾಗ ಸಿಗುತ್ತದಲ್ಲ. ಹಳೆಯ ಪಿಸ್ತೂಲಿಗೆ 71 ಗ್ರೇನಿನ ಪೂರ್ತಿ ಕವಚದ ದುಂಡು ಮೂಗೇ ಹಿಡಿಸುತ್ತದೆ.

ಟ್ರಿಗರ್ ಎಳೆದೂ ಹಾರದಿದ್ದರೆ ತಕ್ಷಣ ತೆರೆಯಬೇಡಿ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಮೂವತ್ತು ಸೆಕೆಂಡ್ ಎಣಿಸಿ, ತಡವಾಗಿ ಹಾರುವುದುಂಟು. ಅದಕ್ಕಿಂತ ಅಪಾಯದ್ದು ‘ಟುಸ್’ ಅನ್ನುವ ಸದ್ದು, ಕೈಗೆ ಒದೆತ ಸಿಗದಿರುವುದು. ಮದ್ದು ಸರಿಯಾಗಿ ಉರಿಯದೆ ಗುಂಡು ನಳಿಗೆಯ ನಡುವೆ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಖಾಲಿ ಮಾಡಿ, ಹಿಂದಿನಿಂದ ಬೆಳಕು ಬಿಟ್ಟು ನಳಿಗೆ ಆರಪಾರ ಕಾಣುತ್ತದೆಯೇ ನೋಡುವ ತನಕ ಮುಂದಿನದು ಇಲ್ಲ.

ಇಟ್ಟುಕೊಳ್ಳುವುದು ಅದರದೇ ರಟ್ಟಿನ ಪೆಟ್ಟಿಗೆಯಲ್ಲಿ, ಒಣಜಾಗದಲ್ಲಿ, ಬಂದೂಕಿನಿಂದ ಬೇರೆಯಾಗಿ, ಬೀಗದೊಳಗೆ. ಚರ್ಮದ ಬೆಲ್ಟಿನ ಕುಣಿಕೆಯಲ್ಲಿ ಸಿಕ್ಕಿಸಿ ತಿಂಗಳುಗಟ್ಟಲೆ ನೇತುಹಾಕಿದರೆ ಚರ್ಮ ಹದಮಾಡಿದ ರಾಸಾಯನಿಕಕ್ಕೆ ಹಿತ್ತಾಳೆ ಹಸಿರಾಗುತ್ತದೆ, ಆಮೇಲೆ ಚೇಂಬರಿನಲ್ಲಿ ಕಚ್ಚುತ್ತದೆ. ಹೊಳೆಯಲಿ ಎಂದು ಎಣ್ಣೆ ಸವರಿದರೆ ಅದು ಪ್ರೈಮರಿನ ಸಂದಿನಲ್ಲಿ ಇಳಿದು ಮದ್ದನ್ನು ಸಾಯಿಸುತ್ತದೆ. ಎರಡೂ ಬಗೆಯ ಬಂದೂಕು ಇರುವ ಮನೆಯಾದರೆ (2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ) ಎರಡು ಪೆಟ್ಟಿಗೆಯನ್ನು ಬೇರೆ ಬೇರೆ ಖಾನೆಯಲ್ಲಿಟ್ಟು ದಪ್ಪ ಅಕ್ಷರದಲ್ಲಿ ಬಂದೂಕಿನ ಹೆಸರು ಬರೆಯಿರಿ. ಬಿಡಿ ಕಾಡತೂಸನ್ನು ಡ್ರಾಯರಿಗೆ, ಕಾರಿನ ಡ್ಯಾಶಿಗೆ, ಕೋಟಿನ ಜೇಬಿಗೆ ಹಾಕುವ ಚಾಳಿಯಿಂದಲೇ ಬೆರಕೆಯಾಗುವುದು.

ಕಾಡಂಚಿನ ಕಡೆ ತೋಟವಿದ್ದು 12 ಬೋರ್ ಕೋವಿಯೂ ಇರುವವರಿಗೆ ಒಂದು ಮಾತು, ವಿಷಯ ಸ್ವಲ್ಪ ಪಕ್ಕಕ್ಕೆ ಸರಿದರೂ. ಅಲ್ಲೂ ಚಿಕ್ಕದ್ದೇ ಯಮ (ಕೋವಿಯಲ್ಲಿ ಬೋರಿನ ಅಂಕಿ ದೊಡ್ಡದಾದಷ್ಟೂ ತೋಟಾ ಸಣ್ಣದು). 20 ಬೋರಿನ ತೋಟಾ 12ರ ನಳಿಗೆಗೆ ಜಾರಿ ಚೇಂಬರಿನ ಮುಂದೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಖಾಲಿ ಎನ್ನಿಸಿ ಇನ್ನೊಂದು 12 ಹಾಕಿದರೆ ಎರಡೂ ಸೇರಿ ನಳಿಗೆಯನ್ನು ಬಿಚ್ಚಿಬಿಡುತ್ತವೆ. 20ರ ತೋಟಾಕ್ಕೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದೇ ಇದಕ್ಕೆ.

ತಪ್ಪು ಪೆಟ್ಟಿಗೆ ಮನೆಗೆ ಬಂದೇಬಿಟ್ಟಿದ್ದರೆ ಪಕ್ಕದ ಊರಿನ ನೆಂಟರಿಗೆ "ನಿಮ್ಮದಕ್ಕೆ ಆಗುತ್ತಲ್ಲ, ಇಟ್ಕೊಳಿ ಭಾವ" ಎಂದು ದಾಟಿಸುವುದು ಬೇಡ. ಲೈಸೆನ್ಸಿನಲ್ಲಿ ಇಲ್ಲದ ಕೈಬದಲು ಅಪರಾಧ. ಬಿಲ್ಲು, ಲೈಸೆನ್ಸ್ ಹಿಡಿದು ಅದೇ ಅಂಗಡಿಗೆ ಹೋಗಿ ವಾಪಸು ಕೊಟ್ಟು ಎರಡೂ ಕಡೆ ನಮೂದು ತಿದ್ದಿಸಬೇಕು. ಚುನಾವಣೆ ಘೋಷಣೆಯಾದಾಗ ಠಾಣೆಗೋ ಅಂಗಡಿಗೋ ಬಂದೂಕು ಒಪ್ಪಿಸುವಾಗಲೂ ಇದೇ ಎಚ್ಚರ. ಹತ್ತಾರು .32ಗಳು ಒಂದೇ ಬೀರುವಿಗೆ ಹೋಗುವ ಕಾಲವದು. ಕಾಡತೂಸುಗಳನ್ನು ಎಣಿಸಿ, ಅವುಗಳದೇ ಪೆಟ್ಟಿಗೆಯಲ್ಲಿಟ್ಟು, ಬಂದೂಕಿನ ನಂಬರು ಬರೆದ ಚೀಟಿ ಅಂಟಿಸಿ ಕೊಡಿ. ರಶೀದಿಯಲ್ಲಿ ‘ಲಾಂಗ್’ ಅಥವಾ ‘ಎಸಿಪಿ’ ಎಂಬ ಪದ ಬಿದ್ದಿದೆಯೇ ಎಂದು ಅಲ್ಲೇ ನೋಡಿಕೊಳ್ಳಿ, ಮತ ಎಣಿಕೆ ಮುಗಿದು ವಾಪಸು ಪಡೆಯುವ ದಿನ ಸಹಿ ಹಾಕುವ ಮೊದಲು ಪೆಟ್ಟಿಗೆ ಬಿಚ್ಚಿ ತಳದ ಅಕ್ಷರ ಮತ್ತೊಮ್ಮೆ ಓದಿ.